ಸ್ಪಷ್ಟನೆ: ಲೆಫ್ಟ್ ಜಾಯಿನ್ ಬರೆದ ಮಾತ್ರಕ್ಕೆ ಸೊನ್ನೆ ಬರುವುದಿಲ್ಲ

‘ಎರಡು ಕೋಷ್ಟಕಗಳನ್ನು ಲೆಫ್ಟ್ ಜಾಯಿನ್‌ನಿಂದ ಜೋಡಿಸಿ, ಗ್ರೂಪ್ ಬೈ ಮಾಡಿ, ಕೌಂಟ್ ಸ್ಟಾರ್ ಬರೆದರೆ ಸಾಕು, ದಾಖಲೆಯಿಲ್ಲದ ವರ್ಗಕ್ಕೆ ಸೊನ್ನೆ ಬರುತ್ತದೆ’ ಎಂಬ ಟಿಪ್ಪಣಿಯೊಂದು ಬಾಗಲಕೋಟೆಯ ಕಂಪ್ಯೂಟರ್ ವಿದ್ಯಾರ್ಥಿಗಳ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಇವು ದತ್ತಾಂಶ ಕೋಷ್ಟಕಗಳಿಂದ ಮಾಹಿತಿ ಕೇಳುವ ಎಸ್‌ಕ್ಯೂಎಲ್ ಭಾಷೆಯ ಮಾತುಗಳು: ಲೆಫ್ಟ್ ಜಾಯಿನ್ ಮೊದಲ ಕೋಷ್ಟಕದ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಎರಡನೆಯದನ್ನು ಜೋಡಿಸುತ್ತದೆ, ಗ್ರೂಪ್ ಬೈ ಸಾಲುಗಳನ್ನು ವರ್ಗವಾರು ಗುಂಪು ಮಾಡುತ್ತದೆ, ಕೌಂಟ್ ಎಣಿಸುತ್ತದೆ. ಆ ಟಿಪ್ಪಣಿ ಸರಿಯಲ್ಲ, ಅಂಥ ವರ್ಗದ ಎದುರು ಬರುವುದು ಸೊನ್ನೆಯಲ್ಲ, ಒಂದು.

ಇಳಕಲ್ ಸೀರೆಯ ಅಂಚಿನ ಬಗೆಗಳಾದ ಗೋಮಿ, ಚಿಕ್ಕಿ ಪರಾಸ, ಗಾಡಿ ಒಂದು ಕೋಷ್ಟಕದಲ್ಲಿಯೂ ಮಾರಾಟದ ವಿವರಗಳು ಇನ್ನೊಂದರಲ್ಲಿಯೂ ಇವೆಯೆನ್ನಿ. ಗಾಡಿ ಅಂಚಿನ ಸೀರೆ ಒಂದೂ ಮಾರಾಟವಾಗದಿದ್ದರೂ ಲೆಫ್ಟ್ ಜಾಯಿನ್ ಅದರ ಹೆಸರನ್ನು ಉಳಿಸಿಕೊಂಡು, ಮಾರಾಟದ ಕಡೆಯ ಕಾಲಂಗಳಲ್ಲೆಲ್ಲ ನಲ್ (ಮೌಲ್ಯವಿಲ್ಲ ಎಂಬ ಗುರುತು) ತುಂಬಿದ ಒಂದು ಸಾಲನ್ನು ಕೊಡುತ್ತದೆ. ಕೌಂಟ್ ಸ್ಟಾರ್ ಎಣಿಸುವುದು ಸಾಲುಗಳನ್ನಾದ್ದರಿಂದ ಆ ಪೊಳ್ಳು ಸಾಲೂ ಲೆಕ್ಕಕ್ಕೆ ಸೇರುತ್ತದೆ. ಸ್ಟಾರ್ ಬದಲು ಮಾರಾಟ ಕೋಷ್ಟಕದ ಐಡಿ ಕಾಲಂ ಬರೆದರೆ, ಕೌಂಟ್ ನಲ್ ಮೌಲ್ಯಗಳನ್ನು ಬಿಟ್ಟು ಎಣಿಸುವುದರಿಂದ, ಸೊನ್ನೆಯೇ ಬರುತ್ತದೆ.

ಇದಕ್ಕಿಂತ ಹೆಚ್ಚು ಜನ ಎಡವುವ ಜಾಗ ಇನ್ನೊಂದಿದೆ. ‘2024ರ ಮಾರಾಟ ಮಾತ್ರ’ ಎಂಬ ಷರತ್ತನ್ನು, ಜೋಡಣೆಯಾದ ಮೇಲೆ ಸಾಲುಗಳನ್ನು ಸೋಸುವ ವೇರ್ ಭಾಗದಲ್ಲಿ ಇಟ್ಟರೆ ನಲ್ ಸಾಲು ಅಲ್ಲಿಯೇ ಉದುರಿ, ಗಾಡಿ ಪಟ್ಟಿಯಿಂದಲೇ ಕಾಣೆಯಾಗುತ್ತದೆ. ಆ ಷರತ್ತು, ಯಾವ ಸಾಲಿಗೆ ಯಾವುದು ಜೋಡಿ ಎಂದು ಹೇಳುವ ಆನ್ ಭಾಗದಲ್ಲಿರಬೇಕು. ಒಂದೊಂದು ಮಾರಾಟಕ್ಕೆ ಹಲವು ಕಂತುಗಳಿರುವ ಮೂರನೆಯ ಕೋಷ್ಟಕ ಜೋಡಿಯಾದಾಗ ಒಂದೇ ಮಾರಾಟ ಹಲವು ಬಾರಿ ಎಣಿಕೆಯಾಗುವುದರಿಂದ, ಒಂದೇ ಮೌಲ್ಯವನ್ನು ಒಮ್ಮೆ ಮಾತ್ರ ಎಣಿಸುವ ಕೌಂಟ್ ಡಿಸ್ಟಿಂಕ್ಟ್ ಬೇಕಾಗುತ್ತದೆ, ಆದರೆ ಅದನ್ನು ಎಲ್ಲ ಕಡೆಯೂ ಮುಲಾಮಿನಂತೆ ಸವರುವುದು ನನಗೆ ಹಿಡಿಸುವುದಿಲ್ಲ.