ಕೇಕಿಗೆ ತಲ್ವಾರ್, ಸೌತೆಕಾಯಿಗೆ ತಪಾಸಣೆ

ಮತ್ತೊಬ್ಬ ಬರ್ತ್‌ಡೇ ಬಾಯ್ ತಲ್ವಾರ್‌ನಲ್ಲಿ ಕೇಕ್ ಕತ್ತರಿಸಿದ್ದಾನೆ. ರೀಲ್ಸ್ ನೀವೂ ನೋಡಿರ್ತೀರಿ. ಮುಂದಿನದೂ ಗೊತ್ತೇ ಇದೆ. ಠಾಣೆ, ಕೇಸು, ಆಮೇಲೆ ಕೈಮುಗಿದು ‘ತಪ್ಪಾಯ್ತು, ಯಾರೂ ಹೀಗೆ ಮಾಡಬೇಡಿ’ ಅನ್ನೋ ಎರಡನೇ ರೀಲ್ಸ್. ಲೈಕು ಎರಡನೆಯದಕ್ಕೇ ಜಾಸ್ತಿ.

ಅರ್ಧ ಕೆ.ಜಿ. ಕೇಕಿಗೆ ಅಷ್ಟುದ್ದ ತಲ್ವಾರು. ಟೇಬಲ್ಲು ತುಂಡಾಗದೆ ಉಳಿದದ್ದೇ ದೊಡ್ಡದು. ತುದಿಗೆ ಮೆತ್ತಿದ ಕ್ರೀಮನ್ನು ಗೆಳೆಯನ ಬಾಯಿಗೆ ಹಿಡಿದಾಗ ಆ ಗೆಳೆಯನ ಕಣ್ಣು ನೋಡಬೇಕಿತ್ತು. ಅಷ್ಟು ಭಯಭಕ್ತಿಯಿಂದ ಅವನು ತೀರ್ಥ ಕೂಡ ತಗೊಂಡಿರಲಿಕ್ಕಿಲ್ಲ.

ಕಾನೂನು, ಪಾಪ, ಅಳತೆ ಕೊಟ್ಟೇ ಕೂತಿದೆ. ಆಯುಧ ಕಾಯ್ದೆ 1959ರದ್ದು, ಈಗಿನ ನಿಯಮ 2016ರದ್ದು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಆಯುಧದ ಪಟ್ಟಿಗೆ ಸೇರುತ್ತದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಕಡೆ ಅದಕ್ಕೆ ಲೈಸೆನ್ಸ್ ಬೇಕು. ಮನೆ, ಹೊಲ, ವಿಜ್ಞಾನ, ಕಾರ್ಖಾನೆ ಕೆಲಸಕ್ಕೆ ಅಂತ ಮಾಡಿದ್ದಕ್ಕೆ ವಿನಾಯಿತಿ. ದಿಲ್ಲಿಯವರು ಇನ್ನೂ ನಾಜೂಕು. ಬಟನ್ ಚಾಕುಗಳಿಗೆ 1980ರಲ್ಲೇ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಅಂತ ಗೆರೆ ಎಳೆದಿದ್ದಾರೆ. ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋರೂ ಇಷ್ಟು ಸೂಕ್ಷ್ಮವಾಗಿ ಅಳತೆ ತಗೊಳ್ಳಲ್ಲ.

ಅಂದರೆ ಸಿರುಗುಪ್ಪದ ಗದ್ದೆಗೆ ಹೊರಟವನ ಕುಡುಗೋಲಿಗೆ ತಕರಾರಿಲ್ಲ. ‘ಕೇಕ್ ಕತ್ತರಿಸೋದೂ ಮನೆಗೆಲಸವೇ, ಸ್ವಾಮಿ’ ಅಂತ ಯಾರಾದರೂ ವಕೀಲರು ಎದ್ದು ನಿಂತರೆ ಏನು ಗತಿಯೋ.

ಹಾಗೆ ನೋಡಿದರೆ ಈ ವಿಷಯದಲ್ಲಿ ನಮ್ಮೂರು ಹಳೇ ಪಾಪಿ. ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ಹೊಸ ಶಿಲಾಯುಗದ ಜನ ಕಲ್ಲಿನ ಕೊಡಲಿಯ ಕಾರ್ಖಾನೆಯನ್ನೇ ನಡೆಸಿದ್ದರು. ಈ ಸೀಮೆಯ ಕಲ್ಲಿನ ಆಯುಧಗಳನ್ನು ಹುಡುಕಿದ ರಾಬರ್ಟ್ ಬ್ರೂಸ್ ಫೂಟ್ ಸಾಹೇಬರ ಹೆಸರಲ್ಲಿ ಊರಲ್ಲೊಂದು ಮ್ಯೂಸಿಯಂ ಇದೆ. ಆ ಕೊಡಲಿಗಳು 2 ಇಂಚು ದಾಟುತ್ತವೋ ಅಂತ ಟೇಪು ಹಿಡಿದು ಯಾರೂ ಹೋಗಿಲ್ಲ, ಸದ್ಯ. ಹೋದರೆ ಎಫ್‌ಐಆರ್ ಗ್ಯಾರಂಟಿ. ಆರೋಪಿಗಳು ತಲೆಮರೆಸಿಕೊಂಡು ಮೂರು ಸಾವಿರ ವರ್ಷದ ಮೇಲಾಯ್ತು.

ಇನ್ನು ವೇದಿಕೆಯ ಖಡ್ಗಗಳು. ನಾಯಕರಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಬೆಳ್ಳಿ ಖಡ್ಗ ಕೊಡ್ತಾರೆ. ಅವರು ಒರೆಯಿಂದ ಎಳೆದು, ಎತ್ತಿ ಹಿಡಿದು, ಕ್ಯಾಮೆರಾ ನೋಡಿ ನಗ್ತಾರೆ. ಬಂದೋಬಸ್ತ್‌ಗೆ ಬಂದವರೇ ಜನರನ್ನು ಹಿಂದೆ ತಳ್ಳಿ ಫೋಟೊಗೆ ಜಾಗ ಮಾಡಿಕೊಡ್ತಾರೆ. ಎಷ್ಟು ಇಂಚು ಅಂತ ಅಲ್ಲಿ ಕೇಳೋರು ಯಾರು? ಅದು ಸನ್ಮಾನ ರೀ!

ಅಳತೆ ಕೇಳೋದು ಕಚೇರಿಯ ಗೇಟಿನಲ್ಲಿ. ಪಿಂಚಣಿ ವಿಚಾರಿಸಲು ಹಳ್ಳಿಯಿಂದ ಬಂದ ಅಜ್ಜನ ಚೀಲ ಸುರುವಿದರು. ರೊಟ್ಟಿ ಗಂಟು, ಎರಡು ಸೌತೆಕಾಯಿ, ಒಂದು ಮಡಚೋ ಚಾಕು. ಕಟ್ಟಿಗೆಯ ಹಿಡಿ, ಮಸೆದು ಮಸೆದು ಬೆರಳಿಗಿಂತ ಸಣ್ಣಗಾದ ಅಲಗು.

“ಇದ್ಯಾಕ ತಂದೀ?”

“ಹಲ್ಲಿಲ್ರಿ ಯಪ್ಪಾ. ಸೌತಿಕಾಯಿ ಸಣ್ಣಗ ಹೆಚ್ಕೊಂಡು ತಿಂತೀನ್ರಿ.”

“ಇದೇನ್ ನಿಮ್ಮ ಹೊಲ ಅಂತ ತಿಳ್ಕೊಂಡೀಯೇನು?”

ಚಾಕು ಡ್ರಾಯರ್‌ಗೆ ಬಿತ್ತು. ರಸೀದಿ ಇಲ್ಲ, ಚೀಟಿ ಇಲ್ಲ.

ದಯವಿಟ್ಟು ಇದನ್ನು ಭದ್ರತೆ ಅನ್ನಬೇಡಿ. ಕೇಕ್ ಹುಡುಗನನ್ನು ಹಿಡಿದದ್ದು ಅವನು ರೀಲ್ಸ್ ಹಾಕಿ ಸಿಕ್ಕಿಬಿದ್ದದ್ದಕ್ಕೆ. ಹಾಕದೆ ಓಡಾಡೋರು ಹಾಯಾಗಿದ್ದಾರೆ. ಅಜ್ಜನ ಹಿಂದೆ ಫೋನ್ ಮಾಡೋರು ಯಾರೂ ಇಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತೆ. ಅದಕ್ಕೇ ಅವನ ಮೇಲೆ ಈ ದರ್ಪ. ನೋಡಿ ನೋಡಿ ಸಾಕಾಗಿದೆ.

ಸಂಜೆ ಆತ ಹೊರಗೆ ಬರುವಷ್ಟರಲ್ಲಿ ಡ್ರಾಯರ್‌ಗೆ ಬೀಗ. ಕೀಲಿ ಇಟ್ಟುಕೊಂಡವನು ಡ್ಯೂಟಿ ಮುಗಿಸಿ ಮನೆಗೆ. “ನಾಳಿ ಬಾ” ಅಂದರು. ಅಜ್ಜಿ ಆಗಿದ್ದರೆ ಬಸ್ಸಾದರೂ ಫ್ರೀ ಇರ್ತಿತ್ತು. ಅಜ್ಜನಿಗೆ ಹೋಗಿಬರೋ ಚಾರ್ಜಿನಲ್ಲಿ ಅಂಥ ಎರಡು ಚಾಕು ಬರ್ತವೆ.