ಕಾರಿನ ಎತ್ತರ ಬದಲಿಸಿದ್ದು ಹೇಳಲಿಲ್ಲ ಅಂತ ವಿಮೆ ಕ್ಲೇಮ್ ಪೂರ್ತಿ ರಿಜೆಕ್ಟ್ ಮಾಡಬಹುದಾ? ಪರ-ವಿರೋಧ

ಸ್ಪ್ರಿಂಗ್ ಬದಲಿಸಿಯೋ ಅದರ ಜೊತೆ ಸ್ಪೇಸರ್ ಅನ್ನುವ ದಪ್ಪ ಬಿಲ್ಲೆ ಕೂರಿಸಿಯೋ ಕಾರನ್ನು ಎರಡು ಇಂಚು ಎತ್ತುವುದು ಅಥವಾ ಇಳಿಸುವುದು ದೊಡ್ಡ ಕೆಲಸವೇನಲ್ಲ. ಮಾಡಿಸಿದ್ದನ್ನು ವಿಮಾ ಕಂಪನಿಗೆ ಹೇಳುವವರು ಮಾತ್ರ ಕಮ್ಮಿ. ಆಮೇಲೆ ಎಲ್ಲೋ ಅಪಘಾತ ಆಗುತ್ತದೆ, ನಷ್ಟ ಅಳೆಯುವ ಸರ್ವೇಯರ್ ಬಂದು ಚಕ್ರದ ಹಿಂದೆ ಬಗ್ಗಿ ನೋಡುತ್ತಾರೆ, ಸ್ವಲ್ಪ ದಿನಕ್ಕೆ ಪತ್ರ ಬರುತ್ತದೆ. ವಾಹನ ಮಾರ್ಪಾಡಾಗಿದೆ, ಕ್ಲೇಮ್ ಕೊಡಲಾಗದು ಅಂತ. ಹೇಳಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಪೂರ್ತಿ ಹಣ ನಿರಾಕರಿಸುವುದು ಸರಿಯಾ? ಎರಡೂ ಕಡೆಯ ವಾದ ಕೆಳಗಿದೆ.

ಪರ: ಹೇಳದೆ ಇದ್ದ ಮೇಲೆ ಕೇಳುವುದು ಹೇಗೆ?

ಪ್ರೀಮಿಯಂ ಹಾಕುವಾಗ ಕಂಪನಿಯವರು ಯಾರೂ ನಿಮ್ಮ ಕಾರಿನ ಕೆಳಗೆ ಮಲಗಿ ನೋಡುವುದಿಲ್ಲ. ಕಾರ್ಖಾನೆಯಿಂದ ಬಂದ ಹಾಗೇ ಇದೆ ಅಂತ ನಂಬಿ ಲೆಕ್ಕ ಹಾಕುತ್ತಾರೆ. ನೀವು ಸಸ್ಪೆನ್ಷನ್ ಬದಲಿಸಿದ ದಿನದಿಂದ ರಸ್ತೆಯಲ್ಲಿ ಓಡುತ್ತಿರುವುದು ಅವರು ಲೆಕ್ಕ ಹಾಕಿದ ಕಾರಲ್ಲ. ಅದು ಗೊತ್ತಿರುವುದು ನಿಮಗೊಬ್ಬರಿಗೇ. 1766ರಲ್ಲಿ ಕಾರ್ಟರ್-ಬೋಹ್ಮ್ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹೇಳಿದ್ದೂ ಇದನ್ನೇ: ಅಪಾಯ ಎಷ್ಟು ಅಂತ ಅಳೆಯಲು ಬೇಕಾದ ಸಂಗತಿಗಳು ಬಹಳ ಸಲ ವಿಮೆ ಮಾಡಿಸುವವನಿಗೆ ಮಾತ್ರ ಗೊತ್ತಿರುತ್ತವೆ, ಹಾಗಾಗಿ ಅವನು ಮುಚ್ಚಿಡಬಾರದು. ಆಗ ಕಾರೇ ಇರಲಿಲ್ಲ, ಆದರೂ ಮಾತು ಇಲ್ಲಿಗೆ ಸರಿಯಾಗಿ ಕೂರುತ್ತದೆ.

"ಎರಡು ಇಂಚಿಗೆ ಏನಾಗುತ್ತೆ ಬಿಡಿ" ಅನ್ನುವವರು ಒಂದು ಸಣ್ಣ ಲೆಕ್ಕ ನೋಡಬೇಕು. ಗಾಡಿ ಉರುಳುವ ಅಪಾಯ ಅಳೆಯಲು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಒಂದು ಸಂಖ್ಯೆ ಬಳಸುತ್ತದೆ. ಎಡ-ಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಅದು ಸಿಗುತ್ತದೆ. ಸಾಮಾನ್ಯ ಕಾರುಗಳಿಗೆ 1.3ರಿಂದ 1.5, ಎಸ್‌ಯುವಿ, ಪಿಕಪ್‌ಗಳಿಗೆ 1.0ರಿಂದ 1.3. ಕಮ್ಮಿ ಆದಷ್ಟೂ ಉರುಳುವ ಅಪಾಯ ಜಾಸ್ತಿ. ಚಕ್ರಗಳ ಅಂತರ 1500 ಮಿ.ಮೀ., ಕೇಂದ್ರದ ಎತ್ತರ 650 ಮಿ.ಮೀ. ಇರುವ ಗಾಡಿ ತೆಗೆದುಕೊಳ್ಳಿ, ಸಂಖ್ಯೆ 1.15 ಬರುತ್ತದೆ. ಎರಡು ಇಂಚು, ಅಂದರೆ ಸುಮಾರು 50 ಮಿ.ಮೀ. ಎತ್ತಿ. ಚಕ್ರ, ಆಕ್ಸಲ್ ಅಲ್ಲೇ ಇರುವುದರಿಂದ ಕೇಂದ್ರ ಪೂರ್ತಿ 50 ಏರುವುದಿಲ್ಲ, 45 ಅಂದುಕೊಳ್ಳೋಣ. ಸಂಖ್ಯೆ 1.08ಕ್ಕೆ ಇಳಿಯಿತು. ಮೊದಲೇ ಎತ್ತರದ ಗಾಡಿಗೆ ಇದು ಸಣ್ಣ ಇಳಿತ ಅಲ್ಲ.

ಉರುಳುವುದೊಂದೇ ಅಲ್ಲ. ಹೆಡ್‌ಲೈಟ್ ಕೂಡ ಗಾಡಿಯ ಜೊತೆ ಮೇಲೇರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಜಾರುವಾಗ ಹಿಡಿದು ನಿಲ್ಲಿಸುವ ಇಎಸ್‌ಸಿ ವ್ಯವಸ್ಥೆಯನ್ನು ಹೊಂದಿಸಿರುವುದು ಮೂಲ ಎತ್ತರಕ್ಕೆ. ತಾನಾಗೇ ಬ್ರೇಕ್ ಹಾಕುವ ಕ್ಯಾಮೆರಾ, ರೇಡಾರ್‌ಗಳ ಕೋನವೂ ಅಷ್ಟೇ. ಅಮೆರಿಕದಲ್ಲಿ ಕಾರುಗಳ ಬಂಪರ್ ಪರೀಕ್ಷೆ ನಡೆಯುವುದು ನೆಲದಿಂದ 16ರಿಂದ 20 ಇಂಚಿನ ಪಟ್ಟಿಯಲ್ಲಿ, ಡಿಕ್ಕಿಯಾದಾಗ ಬಂಪರಿಗೆ ಬಂಪರ್ ಸಿಗಲಿ ಅಂತ. ಎತ್ತಿದ ಗಾಡಿಯ ಬಂಪರ್ ಇನ್ನೊಬ್ಬರ ಬಂಪರನ್ನು ದಾಟಿ ಹೋಗುತ್ತದೆ, ಪೆಟ್ಟು ತಿನ್ನುವವರು ಆ ಇನ್ನೊಬ್ಬರು. ಇಳಿಸಿದ ಕಾರಿನ ಕಥೆ ಬೇರೆ: ಸ್ಪ್ರಿಂಗಿಗೆ ಆಡಲು ಜಾಗ ಇಲ್ಲದೆ ಗುಂಡಿ ಬಂದಾಗಲೆಲ್ಲ ಬಂಪ್ ಸ್ಟಾಪಿಗೆ (ಸಸ್ಪೆನ್ಷನ್ ಇನ್ನೂ ಕುಗ್ಗದಂತೆ ತಡೆಯುವ ತುಂಡಿಗೆ) ಬಡಿಯುತ್ತದೆ, ಆ ಕ್ಷಣದಲ್ಲಿ ಟೈರಿನ ಹಿಡಿತ ಹೋಗುತ್ತದೆ.

ಕಾನೂನೂ ಸುಮ್ನೆ ಕೂತಿಲ್ಲ. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಇಟ್ಟಿತು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಮುಂಭಾಗವನ್ನು ಹಿಂಭಾಗಕ್ಕಿಂತ 4 ಇಂಚು ಅಥವಾ ಜಾಸ್ತಿ ಎತ್ತುವುದು 2021ರ ಡಿಸೆಂಬರಿನಿಂದ ಅಪರಾಧ.

ಹಾಗಾದರೆ ಗಾಯಗೊಂಡ ಪಾದಚಾರಿಯ ಗತಿ ಏನು ಅಂತ ಕೇಳಬಹುದು. ಅವರಿಗೆ ಹಣ ಸಿಗುತ್ತದೆ. ಬ್ರಿಟನ್ನಿನಲ್ಲಿ 1988ರ ರಸ್ತೆ ಸಂಚಾರ ಕಾಯ್ದೆಯ 151ನೇ ಸೆಕ್ಷನ್ ಪ್ರಕಾರ ಕಂಪನಿ ಮೂರನೆಯವರಿಗೆ ಕೊಟ್ಟು, ಆಮೇಲೆ ವಿಮೆ ಮಾಡಿಸಿದವರಿಂದ ವಸೂಲಿ ಮಾಡಬಹುದು. ಭಾರತದ ಕೋರ್ಟುಗಳೂ "ಮೊದಲು ಕೊಡಿ, ಆಮೇಲೆ ವಸೂಲಿ ಮಾಡಿಕೊಳ್ಳಿ" ಅಂತ ಆದೇಶಿಸುತ್ತವೆ. ತಳ್ಳಿಹಾಕುವುದು ಮಾಲೀಕರ ಸ್ವಂತ ಕಾರಿನ ರಿಪೇರಿ ಹಣವನ್ನು. ಎತ್ತಿಸಿದ್ದು ಅವರು, ಹೇಳದೆ ಇದ್ದದ್ದು ಅವರು, ನಷ್ಟವನ್ನು ಮಾತ್ರ ಕಾರನ್ನು ಮುಟ್ಟದೆ ಇದ್ದ ಉಳಿದ ಗ್ರಾಹಕರೆಲ್ಲ ಹಂಚಿಕೊಳ್ಳಬೇಕಾ?

ವಿರೋಧ: ಸ್ಪ್ರಿಂಗಿಗೂ ನಷ್ಟಕ್ಕೂ ಸಂಬಂಧ ತೋರಿಸಿ

ಹೇಳಬೇಕಿತ್ತು, ಒಪ್ಪೋಣ. ಆದರೆ ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಲಾರಿ ಬಂದು ಗುದ್ದಿದರೆ ಸಸ್ಪೆನ್ಷನ್ ಏನು ಮಾಡಿತು? ರಾತ್ರಿ ಕಾರು ಕಳ್ಳತನವಾದರೆ? ಮರ ಬಿದ್ದರೆ? ಎತ್ತರ ಬದಲಾಗಿದ್ದಕ್ಕೇ ಅಪಘಾತ ಆಯಿತಾ ಅನ್ನುವುದೇ ಮುಖ್ಯ, ಅಲ್ವಾ? ರಿಜೆಕ್ಟ್ ಪತ್ರಗಳು ಆ ಪ್ರಶ್ನೆಯ ಹತ್ತಿರಕ್ಕೂ ಹೋಗುವುದಿಲ್ಲ.

ಇದು ಬರೀ ಮಾಲೀಕರ ಗೊಣಗಾಟ ಅಲ್ಲ, ಹಲವು ದೇಶಗಳ ಕಾನೂನೇ ಹೀಗೆ ಯೋಚಿಸುತ್ತದೆ. ಜರ್ಮನಿಯಲ್ಲಿ ವಿಮಾ ಒಪ್ಪಂದದ ಕಾನೂನನ್ನು 2008ರಲ್ಲಿ ಹೊಸದಾಗಿ ಬರೆದಾಗ "ಪೂರ್ತಿ ಇಲ್ಲವೇ ಏನೂ ಇಲ್ಲ" ಅನ್ನುವ ಹಳೆ ಪದ್ಧತಿಯನ್ನೇ ತೆಗೆದುಹಾಕಿದರು. ಹೆಚ್ಚಿದ ಅಪಾಯಕ್ಕೂ ಆದ ನಷ್ಟಕ್ಕೂ ಸಂಬಂಧ ಇಲ್ಲದಿದ್ದರೆ ಕಂಪನಿ ಹಣ ಕೊಡಬೇಕು. ಕಾರು ಮಾರ್ಪಾಡಿನ ವಿಷಯದಲ್ಲಿ ಜರ್ಮನಿಯಷ್ಟು ಕಟ್ಟುನಿಟ್ಟಿನ ದೇಶ ಸಿಗುವುದು ಕಷ್ಟ, ಟಿಯುವಿ (ವಾಹನಗಳ ಸುರಕ್ಷತೆ ಪರೀಕ್ಷಿಸುವ ಸಂಸ್ಥೆ) ತಪಾಸಣೆ ಅಂದರೆ ಅಲ್ಲಿನವರು ನಡುಗುತ್ತಾರೆ, ಅಲ್ಲೇ ಈ ನಿಯಮ ಇದೆ ಅನ್ನುವುದನ್ನು ಗಮನಿಸಿ. ಆಸ್ಟ್ರೇಲಿಯಾದ 1984ರ ವಿಮಾ ಒಪ್ಪಂದ ಕಾಯ್ದೆಯ 54ನೇ ಸೆಕ್ಷನ್ ಕೂಡ ಇದೇ ದಾರಿ: ಮಾಲೀಕರು ಮಾಡಿದ ಕೆಲಸ ನಷ್ಟಕ್ಕೆ ಕಾರಣ ಆಗುವಂಥದ್ದಲ್ಲದಿದ್ದರೆ ಕಂಪನಿ ತನಗಾದ ತೊಂದರೆಯಷ್ಟೇ ಹಣ ಕಡಿತ ಮಾಡಬಹುದು, ಕ್ಲೇಮನ್ನೇ ನಿರಾಕರಿಸುವಂತಿಲ್ಲ.

ಬ್ರಿಟನ್ನಿನ 2012ರ ಗ್ರಾಹಕ ವಿಮಾ ಕಾಯ್ದೆ ನನಗೆ ಇನ್ನೂ ಇಷ್ಟ. ಲಾರ್ಡ್ ಮ್ಯಾನ್ಸ್‌ಫೀಲ್ಡರ ಹೆಸರು ಹೇಳುವವರು ಅವರದೇ ದೇಶ ಆಮೇಲೆ ಏನು ಮಾಡಿತು ಅಂತಲೂ ನೋಡಬೇಕು. ಗ್ರಾಹಕ ತಾನಾಗೇ ಎಲ್ಲವನ್ನೂ ಊಹಿಸಿ ಹೇಳಬೇಕು ಅನ್ನುವ ಹೊರೆಯನ್ನು ಈ ಕಾಯ್ದೆ ತೆಗೆದುಹಾಕಿತು. ಕಂಪನಿ ಕೇಳಬೇಕು, ಗ್ರಾಹಕ ಕೇಳಿದ್ದಕ್ಕೆ ಎಚ್ಚರದಿಂದ ಉತ್ತರಿಸಬೇಕು. ಬೇಕಂತಲೇ ಸುಳ್ಳು ಹೇಳಿದವರಿಗೆ ಅಲ್ಲೂ ಏನೂ ಸಿಗದೆ ಹೋಗಬಹುದು, ಅದು ನ್ಯಾಯವೇ. ಅಜಾಗ್ರತೆಯಿಂದ ಬಿಟ್ಟವರಿಗೆ ಮಾತ್ರ ಪಾಲಿನ ಲೆಕ್ಕ. ನಿಜ ಹೇಳಿದ್ದರೆ ಪ್ರೀಮಿಯಂ 100 ಆಗುತ್ತಿತ್ತು, ಕಟ್ಟಿದ್ದು 80 ಅಂತಾದರೆ ಕ್ಲೇಮಿನ ಶೇ. 80 ಸಿಗುತ್ತದೆ. ಉಳಿದ ಗ್ರಾಹಕರ ಮೇಲೆ ಹೊರೆ ಬೀಳುತ್ತದೆ ಅನ್ನುವ ವಾದಕ್ಕೂ ಇದರಲ್ಲೇ ಉತ್ತರ ಇದೆ. ಅಷ್ಟು ಪ್ರೀಮಿಯಂ ಕಟ್ಟದೆ ಇದ್ದದ್ದಕ್ಕೆ ಅಷ್ಟು ಹಣ ಕಡಿತ.

ಭಾರತದ ಸುಪ್ರೀಂ ಕೋರ್ಟ್ ಕೂಡ ಈ ಕಡೆ ವಾಲಿದೆ. 2008ರ ನಿತಿನ್ ಖಂಡೇಲ್ವಾಲ್ ಪ್ರಕರಣದಲ್ಲಿ ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸುವಾಗ ಅದನ್ನು ಕಿತ್ತುಕೊಂಡು ಹೋದರು, ಪಾಲಿಸಿಯ ಷರತ್ತು ಮುರಿದಿದೆ ಅಂತ ಕಂಪನಿ ಕೈಕೊಟ್ಟಿತು. ಕಳ್ಳತನದ ವಿಷಯದಲ್ಲಿ ಆ ಷರತ್ತು ಮುರಿದದ್ದು ಮುಖ್ಯವಾಗುವುದಿಲ್ಲ ಅಂತ ಕೋರ್ಟ್ ಹೇಳಿತು. ಅದು ಸಸ್ಪೆನ್ಷನ್ ಪ್ರಕರಣ ಅಲ್ಲ, ನಿಜ. ಆದರೆ ತರ್ಕ ಅದೇ.

ಇನ್ನು ಅಳತೆಯ ವಿಷಯಕ್ಕೆ ಬರೋಣ. ಮೂಲ ಎತ್ತರ ಅಂದರೆ ಯಾವುದು? ಹಳೆ ಸ್ಪ್ರಿಂಗ್ ಕುಸಿಯುತ್ತದೆ, ಟೈರ್ ಸವೆಯುತ್ತದೆ, ಸಾಮಾನು ತುಂಬಿದರೆ ಹಿಂಭಾಗ ಕೂರುತ್ತದೆ. ಏರ್ ಸಸ್ಪೆನ್ಷನ್ ಇರುವ ಕಾರುಗಳಲ್ಲಿ ತಯಾರಕರೇ ಒಂದು ಬಟನ್ ಕೊಟ್ಟು, ಓಡುತ್ತಿರುವಾಗಲೇ ಏರಿಸಿ ಇಳಿಸಿ ಅಂತಾರೆ. ಸರ್ವೇಯರ್ ಅಳೆಯುವುದೂ ಯಾವಾಗ? ಅಪಘಾತ ಆದ ಮೇಲೆ! ಸ್ಟ್ರಟ್ (ಸಸ್ಪೆನ್ಷನ್ನಿನ ಕಂಬ) ಬಗ್ಗಿ, ಫೆಂಡರ್ (ಚಕ್ರದ ಮೇಲಿನ ತಗಡು) ನುಜ್ಜುಗುಜ್ಜಾದ ಗಾಡಿಯಲ್ಲಿ ಚಕ್ರದ ನಡುವಿನಿಂದ ಫೆಂಡರಿನ ಅಂಚಿಗೆ ಟೇಪ್ ಹಿಡಿದರೆ ಯಾವ ಎತ್ತರ ಸಿಗುತ್ತದೆ? ಸೆಕೆಂಡ್ ಹ್ಯಾಂಡ್ ಕೊಂಡವರ ಪಾಡು ಇನ್ನೂ ಕಷ್ಟ. ಹಿಂದಿನ ಮಾಲೀಕ 30 ಮಿ.ಮೀ. ಸ್ಪೇಸರ್ ಹಾಕಿಸಿದ್ದು ಕೊಂಡವರಿಗೆ ತಿಳಿಯುವುದು ರಿಜೆಕ್ಟ್ ಪತ್ರ ಬಂದಾಗಲೇ.

ಜನ ಯಾಕೆ ಹೇಳುವುದಿಲ್ಲ ಅಂತಲೂ ಕೇಳಬೇಕು. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ 50 ಮಿ.ಮೀ. ಏರಿಕೆವರೆಗೆ ಎಂಜಿನಿಯರ್ ಪ್ರಮಾಣಪತ್ರ ಬೇಕಿಲ್ಲ, ಅದರಾಚೆ ಬೇಕು. ಗೆರೆ ಎಲ್ಲಿದೆ ಅಂತ ಗೊತ್ತಿದ್ದರೆ ಹೇಳುವುದಕ್ಕೆ ಭಯ ಇರುವುದಿಲ್ಲ. ಗೆರೆಯೇ ಇಲ್ಲದ ಕಡೆ ಫೋನ್ ಮಾಡಿ ಕೇಳಿದರೆ "ಮಾರ್ಪಾಡು" ಅನ್ನುವ ಮಾತು ಕೇಳಿದ ಕೂಡಲೇ ಪಾಲಿಸಿ ರದ್ದಾಗುತ್ತೇನೋ ಅನ್ನುವ ಹೆದರಿಕೆ. ಆಗ ಬಾಯಿ ಮುಚ್ಚಿಕೊಂಡು ಇರುವುದೇ ವಾಸಿ ಅನ್ನಿಸುತ್ತದೆ. ಹೆಚ್ಚುವರಿ ಪ್ರೀಮಿಯಂ ಇಷ್ಟು ಅಂತ ನೇರವಾಗಿ ಹೇಳಿದರೆ ಕಟ್ಟುವವರು ಬೇಕಾದಷ್ಟಿದ್ದಾರೆ, ಸಾವಿರಾರು ಖರ್ಚು ಮಾಡಿ ಸ್ಪ್ರಿಂಗ್ ಹಾಕಿಸಿದವರು ಅದಕ್ಕೆ ಹಿಂದೆಮುಂದೆ ನೋಡುವುದಿಲ್ಲ.

ಉರುಳುವ ಲೆಕ್ಕ, ಹೆಡ್‌ಲೈಟ್, ಕ್ಯಾಮೆರಾ, ಎಲ್ಲ ನಿಜವೇ. ಎತ್ತಿದ ಗಾಡಿ ತಿರುವಿನಲ್ಲಿ ಉರುಳಿದ್ದರೆ ಕಂಪನಿ ಆ ಲೆಕ್ಕವನ್ನು ಪತ್ರದಲ್ಲಿ ಬರೆಯಲಿ: ಎಷ್ಟು ಎತ್ತಿತ್ತು, ಎಷ್ಟು ವೇಗ ಇತ್ತು, ಮೂಲ ಎತ್ತರದಲ್ಲಿದ್ದರೆ ಉರುಳುತ್ತಿರಲಿಲ್ಲ ಅನ್ನಲು ಆಧಾರ ಏನು. ಅಷ್ಟು ಬರೆಯಲು ಆಗದಿದ್ದರೆ ಪ್ರೀಮಿಯಂ ವ್ಯತ್ಯಾಸ ಹಿಡಿದುಕೊಂಡು ಉಳಿದ ಹಣ ಕೊಡಲಿ.