ತಾಳಗುಪ್ಪದ ಹೆಣ್ಣು ನೋಡುವ ಶಾಸ್ತ್ರ

ಜೋಗದ ಹತ್ತಿರದ ತಾಳಗುಪ್ಪ ಸ್ಟೇಷನ್ನಿಗೆ ಹೋದವರು ಒಂದು ಆಟ ನೋಡಿಯೇ ಬರಬೇಕು. ಬೆಂಗಳೂರಿನಿಂದ ರಾತ್ರಿಯಿಡೀ ಓಡಿ ಬಂದ ರೈಲು ಬೆಳಿಗ್ಗೆ ಇಲ್ಲಿ ಸುಸ್ತಾಗಿ ನಿಲ್ಲುತ್ತದೆ. ಆಮೇಲೆ ಇಂಜಿನ್ನು ಕೊಂಡಿ ಕಳಚಿಕೊಂಡು, ಪಕ್ಕದ ಹಳಿಯಲ್ಲಿ ಒಂಟಿಯಾಗಿ ಸಾಗಿ, ಬಾಲಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಇನ್ನು ಬಾಲವೇ ತಲೆ. ಮುಂದೆ ಹೋಗೋಣ ಅಂದರೆ ಹಳಿಯೇ ಇಲ್ಲ, ಹುಲ್ಲಿದೆ.

1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ಅಲ್ಲಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ಅಂತ ನಿಧಾನಕ್ಕೆ ಮಲೆನಾಡು ಹತ್ತಿ 1940ರಲ್ಲಿ ತಾಳಗುಪ್ಪ ಮುಟ್ಟಿತು. ಆಗ ಜೋಗದಲ್ಲಿ ಕರೆಂಟಿನ ಕೆಲಸ ನಡೀತಿತ್ತು. ಅದು ಮುಗಿದು 1948ರಲ್ಲಿ ದೀಪವೂ ಹತ್ತಿತು. ಹಳಿ ಮಾತ್ರ ಮಹಾರಾಜರು ಬಿಟ್ಟಲ್ಲೇ ಇದೆ. ನಡುವೆ ರೈಲ್‌ಬಸ್ ಅಂತ ಒಂದು ವಿಚಿತ್ರ ಗಾಡಿ ಓಡಿತು, ನೋಡೋಕೆ ಬಸ್ಸು, ಕಾಲು ಮಾತ್ರ ರೈಲಿನದ್ದು. 2011ರ ಹೊತ್ತಿಗೆ ಹಳಿ ಅಗಲವೂ ಆಯ್ತು. ಅಗಲ ಮಾಡೋಕೆ ಬರುತ್ತೆ, ಉದ್ದ ಮಾಡೋಕೆ ಬರಲ್ಲ!

ಇತ್ತ ಘಟ್ಟದ ಕೆಳಗೆ 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ಹೊನ್ನಾವರದಲ್ಲೂ ಸ್ಟೇಷನ್ನು. ತಾಳಗುಪ್ಪದ ಹಳಿಯನ್ನು ಅಲ್ಲಿಗೆ ಜೋಡಿಸಬೇಕು ಅನ್ನೋದೇ ಈ ಮದುವೆ ಮಾತು. ಗಂಡು ಕೆಳಗೆ ರೆಡಿ, ಹೆಣ್ಣು ಮೇಲೆ ರೆಡಿ. ನಡುವೆ ಶರಾವತಿ ಹರಿಯುತ್ತಾಳೆ. ಜಾತಕ ನೋಡುವವರಿಗೆ ಮಾತ್ರ ಕೆಲಸ ಮುಗಿಯುವುದಿಲ್ಲ. ಆ ಜಾತಕಕ್ಕೆ ಸರ್ವೆ ಅಂತ ಹೆಸರು. ಚುನಾವಣೆ ಹತ್ತಿರ ಬಂದಾಗ ಗುರುಬಲ ಜಾಸ್ತಿ. ಮನವಿ ಕೊಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, "ಶೀಘ್ರದಲ್ಲೇ" ಅನ್ನುತ್ತಾರೆ. ಆಮೇಲೆ ಹೆಣ್ಣಿನ ಕಡೆಯವರು ಉಪ್ಪಿಟ್ಟಿನ ತಟ್ಟೆ ತೊಳೆದಿಡುತ್ತಾರೆ.

ನನ್ನನ್ನು ಕೇಳಿದರೆ ಈ ಮದುವೆ ಆಗದಿದ್ದರೂ ನಷ್ಟವಿಲ್ಲ. ಘಟ್ಟದ ಸಿಂಗಳೀಕಗಳಿಗೆ ಸುರಂಗದಲ್ಲಿ ಓಡಾಡುವ ಆಸೆ ಇದ್ದ ಹಾಗೆ ಕಾಣೆ. ಆದರೆ ಬೇಡ ಅಂದರೆ ಬೇಡ ಅಂತ ಹೇಳಿಬಿಡಬೇಕು, ಅಲ್ವಾ? ಎಂಬತ್ತು ವರ್ಷದ ಮುದುಕಿಯನ್ನು ಇನ್ನೂ ಸೀರೆ ಉಡಿಸಿ ಜಗಲಿಯಲ್ಲಿ ಕೂರಿಸೋದು ಯಾವ ನ್ಯಾಯ?

ನಮ್ಮತ್ತೆ ಮನೆಯ ತೋಟದ ಬದಿಯಲ್ಲಿ ಒಂದು ಹಲಸಿನ ಮರ. ಅದರ ಬೊಡ್ಡೆಯ ಮೇಲೆ ಹಿಂದೆ ಯಾವಾಗಲೋ ಬಂದವರು ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದರು. ಮರ ದಪ್ಪಗಾಗಿ ಏಳು ಅಗಲವಾಗಿ ಈಗ ಎಂಟೋ ಒಂಬತ್ತೋ ಗೊತ್ತಾಗಲ್ಲ. ಹೋದ ವರ್ಷ ಮೂರು ಕಾಲಿನ ಯಂತ್ರ ಹೊತ್ತು ಹೊಸ ಹುಡುಗರು ಬಂದರು. ಅದೇ ಮರಕ್ಕೆ ಹಳದಿ ಬಣ್ಣ ಬಳಿದರು. ಮಳೆಗಾಲ, ಜಿಗಣೆ ಕಚ್ಚಿ ಕಾಲೆಲ್ಲ ರಕ್ತ. ಅತ್ತೆ ಸುಣ್ಣ ಹಚ್ಚಲು ಕೊಟ್ಟು, ಕಾಫಿಯನ್ನೂ ಕೊಟ್ಟು ಕೇಳಿದರು: "ಅಪ್ಪಿ, ಈ ಸಲನೂ ಬರೀ ಕಾಫಿನಾ, ಅಥವಾ ರೈಲೂ ಇದೆಯಾ?"

"ನಾವು ಅಳೆಯೋರು ಅಷ್ಟೇ ಅಮ್ಮ," ಅಂದ ಹುಡುಗ.

"ಹಿಂದಿನವರೂ ಹಾಗೇ ಅಂದಿದ್ರು," ಅನ್ನುತ್ತ ಅತ್ತೆ ಎರಡನೇ ಲೋಟ ತರಲು ಒಳಗೆ ಹೋದರು.